12 ವೋಲ್ಟ್ ಟ್ರಾನ್ಸ್‌ಫಾರ್ಮರ್‌ನಿಂದ 18 ವೋಲ್ಟ್ ಡಿಸಿ ಬರುತ್ತಿದೆ, ಮೀಟರ್ ಕೆಟ್ಟಿದೆಯಾ?

ಮಲ್ಲೇಶ್ವರಂ_ಹುಡುಗ:

ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದೇನೆ. ದಸರಾಕ್ಕೆ ಮನೆಯಲ್ಲಿ ಗೊಂಬೆ ಕೂರಿಸುತ್ತೇವೆ, ಈ ಸಲ ಮೆಟ್ಟಿಲಿಗೆ ಒಂದು ಮೀಟರ್ ಎಲ್‌ಇಡಿ ಸ್ಟ್ರಿಪ್ ಹಾಕು ಅಂತ ಅಮ್ಮ ಹೇಳಿದ್ದಾರೆ. ಸ್ಟ್ರಿಪ್ ಎಸ್.ಪಿ. ರೋಡಿನಲ್ಲಿ ತಂದೆ, 12 ವೋಲ್ಟಿನದು, ಮೀಟರಿಗೆ 4.8 ವಾಟ್ ಅಂತ ಬರೆದಿದೆ. ರೆಡಿ ಅಡಾಪ್ಟರ್ ಸಿಗುತ್ತದೆ ಅಂತ ಗೊತ್ತು, ಆದರೆ ಕ್ಲಾಸಿನಲ್ಲಿ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವುದು) ಪಾಠ ಆಗಿದೆಯಲ್ಲ, ನಾನೇ ಮಾಡೋಣ ಅಂತ ಕೂತೆ.

ಹಳೇ ಟೇಪ್ ರೆಕಾರ್ಡರಿನ ಟ್ರಾನ್ಸ್‌ಫಾರ್ಮರ್ ಇತ್ತು. ಮೇಲೆ 12 ವೋಲ್ಟ್, 1 ಆಂಪ್ ಅಂತ ಇದೆ. ಸೆಕೆಂಡರಿಯಲ್ಲಿ, ಅಂದರೆ ಔಟ್‌ಪುಟ್ ಕಡೆ, ಏನೂ ಕನೆಕ್ಟ್ ಮಾಡದೆ ಎಸಿ ಅಳೆದರೆ 13.9 ವೋಲ್ಟ್. ನಾಲ್ಕು 1ಎನ್4007 ಡಯೋಡ್ ಹಾಕಿ ಬ್ರಿಡ್ಜ್ ಮಾಡಿ, ಔಟ್‌ಪುಟ್‌ಗೆ ಒಂದು 1 ಕಿಲೋ ಓಮ್ ರೆಸಿಸ್ಟರ್ ಇಟ್ಟು ಡಿಸಿ ಅಳೆದೆ, 11.3 ಬಂತು. ಸರಿ, ಡಯೋಡ್‌ಗಳು ಸ್ವಲ್ಪ ತಿಂದಿವೆ ಅಂದುಕೊಂಡೆ. ಆಮೇಲೆ 1000 ಮೈಕ್ರೋಫ್ಯಾರಡ್ 25 ವೋಲ್ಟ್ ಕೆಪಾಸಿಟರ್ ಹಾಕಿದ ತಕ್ಷಣ 18.2 ಆಯಿತು!

ಡಯೋಡ್ ವೋಲ್ಟೇಜ್ ಕಮ್ಮಿ ಮಾಡಬೇಕು ತಾನೇ? ಕೆಪಾಸಿಟರ್ ಸುಮ್ನೆ ಶೇಖರಿಸಿ ಇಡುವ ವಸ್ತು, ಅದು ವೋಲ್ಟೇಜ್ ಹುಟ್ಟಿಸುವುದಿಲ್ಲ ಅಲ್ವಾ? ಹಾಗಾದರೆ ಈ 7 ವೋಲ್ಟ್ ಎಲ್ಲಿಂದ ಬಂತು? ಮೀಟರ್ ಕೆಟ್ಟಿದೆಯಾ? ಸ್ಟ್ರಿಪ್ ಇನ್ನೂ ಜೋಡಿಸಿಲ್ಲ, ಧೈರ್ಯ ಬರಲಿಲ್ಲ.

ಬೆಸುಗೆ_ಭಟ್ಟ:

ಮೀಟರ್ ಚೆನ್ನಾಗೇ ಇದೆ. 13.9 ಅನ್ನೋದು ಆರ್‌ಎಂಎಸ್. ಅದನ್ನು 1.414ರಿಂದ ಗುಣಿಸಿ, ಎರಡು ಡಯೋಡಿನ ಡ್ರಾಪ್ ಕಳೆಯಿರಿ, ನಿಮ್ಮ ಉತ್ತರ ಸಿಗುತ್ತದೆ. ಸ್ಟ್ರಿಪ್ ಜೋಡಿಸದೇ ಇದ್ದದ್ದು ಬಹಳ ಒಳ್ಳೆಯದಾಯಿತು.

ಓಮ್_ನಮಃ:

ಭಟ್ಟರು ಹೇಳಿದ್ದು ಸರಿ. ಆದರೆ ಪರೀಕ್ಷೆಗೆ ಎಲ್ಲರೂ 1.414 ಬಾಯಿಪಾಠ ಮಾಡಿಕೊಂಡು ಹೋಗುತ್ತಾರೆ, ಅದು ಏಕೆ ಅಂತ ಯಾರೂ ನಿಂತು ನೋಡುವುದಿಲ್ಲ. ಅದಕ್ಕೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಿಮ್ಮ ಸೆಕೆಂಡರಿಯಲ್ಲಿ ಇರುವುದು ಒಂದೇ ಅಲೆ. ಅದಕ್ಕೆ ಮೂರು ಅಂಕಿ ಹೇಳಬಹುದು. ಅಲೆಯ ತುತ್ತತುದಿ ಎಷ್ಟು ಅನ್ನುವುದು ಪೀಕ್. ಅದೇ ಅಲೆಯನ್ನು ಒಂದು ಹೀಟರಿಗೆ ಕೊಟ್ಟರೆ ಎಷ್ಟು ವೋಲ್ಟ್ ಡಿಸಿ ಕೊಟ್ಟಷ್ಟು ಬಿಸಿಯಾಗುತ್ತದೆ ಅನ್ನುವುದು ಆರ್‌ಎಂಎಸ್. ಕೆಳಗಿನ ಅರ್ಧವನ್ನು ಮೇಲಕ್ಕೆ ಮಗುಚಿ ಎಲ್ಲವನ್ನೂ ಸಮ ಮಾಡಿ ಹರಡಿದರೆ ಬರುವುದು ಸರಾಸರಿ. ಸೈನ್ ಅಲೆಗೆ ಆರ್‌ಎಂಎಸ್ 1 ಅಂದರೆ ಪೀಕ್ 1.414, ಸರಾಸರಿ 0.9. ಟ್ರಾನ್ಸ್‌ಫಾರ್ಮರ್ ಮೇಲೆ ಬರೆದಿರುವುದು, ಗೋಡೆಯ ಪ್ಲಗ್ಗಿನಲ್ಲಿ 230 ಅಂತ ನಾವು ಹೇಳುವುದು, ಎಲ್ಲವೂ ಆರ್‌ಎಂಎಸ್ ಲೆಕ್ಕ. ಪ್ಲಗ್ಗಿನಲ್ಲಿ ನಿಜವಾಗಿ ಅಲೆ 325 ವೋಲ್ಟ್ ತನಕ ಹತ್ತಿ ಇಳಿಯುತ್ತಿರುತ್ತದೆ.

ಈಗ ನಿಮ್ಮ ಅಂಕಿಗಳಿಗೆ ಬನ್ನಿ. ಕೆಪಾಸಿಟರ್ ಇಲ್ಲದಾಗ ಬ್ರಿಡ್ಜಿನಿಂದ ಬರುವುದು ಗುಡ್ಡ ಗುಡ್ಡವಾಗಿ ಏಳುವ ಡಿಸಿ, ಸೆಕೆಂಡಿಗೆ 100 ಗುಡ್ಡ. ಮೀಟರನ್ನು ಡಿಸಿಗೆ ಇಟ್ಟರೆ ಅದು ಸರಾಸರಿಯನ್ನಷ್ಟೇ ತೋರಿಸುತ್ತದೆ. 13.9ಕ್ಕೆ 0.9 ಹಾಕಿದರೆ 12.5. ಬ್ರಿಡ್ಜಿನಲ್ಲಿ ಯಾವಾಗಲೂ ಎರಡು ಡಯೋಡ್ ಸಾಲಾಗಿ ಕೆಲಸ ಮಾಡುತ್ತವೆ, ಸಣ್ಣ ಕರೆಂಟಿನಲ್ಲಿ ಅವೆರಡೂ ಸೇರಿ ಸುಮಾರು 1.2 ವೋಲ್ಟ್ ತೆಗೆದುಕೊಳ್ಳುತ್ತವೆ. ಉಳಿದದ್ದು 11.3. ನಿಮ್ಮ ಮೀಟರ್ ತೋರಿಸಿದ್ದೂ ಅದೇ.

ಕೆಪಾಸಿಟರ್ ಹಾಕಿದ ಮೇಲೆ ಆಟ ಬದಲಾಗುತ್ತದೆ. ಅಲೆ ತುದಿಗೆ ಹೋದಾಗ ಕೆಪಾಸಿಟರ್ ಆ ತುದಿಯ ತನಕ ಚಾರ್ಜ್ ಆಗುತ್ತದೆ. ಅಲೆ ಕೆಳಗೆ ಇಳಿಯುತ್ತದೆ, ಆದರೆ ಡಯೋಡ್ ಹಿಂದಕ್ಕೆ ಬಿಡುವುದಿಲ್ಲವಲ್ಲ, ಹಾಗಾಗಿ ಕೆಪಾಸಿಟರ್ ತುದಿಯಲ್ಲೇ ನಿಂತುಬಿಡುತ್ತದೆ. ನಿಮ್ಮ 1 ಕಿಲೋ ಓಮ್ ಎಳೆಯುವುದು 18 ಮಿಲಿಆಂಪ್, ಅದು ಏನೂ ಅಲ್ಲ. 13.9ಕ್ಕೆ 1.414 ಹಾಕಿ, 19.6. ಅದರಲ್ಲಿ 1.3 ಕಳೆದರೆ 18.3. ನಿಮಗೆ ಬಂದದ್ದು 18.2.

ಅಂದರೆ ಯಾರೂ ಏನನ್ನೂ ಹುಟ್ಟಿಸಿಲ್ಲ. ಆ 19.6 ಮೊದಲಿನಿಂದಲೂ ಅಲ್ಲೇ ಇತ್ತು, ಎಸಿ ರೇಂಜಿನಲ್ಲಿ ಮೀಟರ್ ಅದನ್ನು ಹೇಳುತ್ತಿರಲಿಲ್ಲ ಅಷ್ಟೆ.

ಇನ್ನೊಂದು. 12 ಅಂತ ಬರೆದದ್ದು 13.9 ಏಕೆ? ಚಿಕ್ಕ ಟ್ರಾನ್ಸ್‌ಫಾರ್ಮರಿನ ಮೇಲೆ ಬರೆಯುವುದು ಪೂರ್ತಿ ಲೋಡ್ ಹಾಕಿದಾಗ, ಅಂದರೆ ಬರೆದಿರುವಷ್ಟು ಕರೆಂಟ್ ಎಳೆದಾಗ, ಸಿಗುವ ವೋಲ್ಟೇಜ್. ಖಾಲಿ ಇದ್ದಾಗ ಶೇಕಡಾ 10ರಿಂದ 20ರಷ್ಟು ಜಾಸ್ತಿ ಇರುವುದು ಮಾಮೂಲು, ಏಕೆಂದರೆ ಒಳಗಿನ ತಂತಿ ಸಣ್ಣದು, ಅದರ ರೆಸಿಸ್ಟೆನ್ಸಿನಲ್ಲಿ ಕಳೆಯುವುದನ್ನು ಮೊದಲೇ ಸೇರಿಸಿ ಸುತ್ತಿರುತ್ತಾರೆ.

ಮಲ್ಲೇಶ್ವರಂ_ಹುಡುಗ:

ಓಮ್ ಸರ್, ತುಂಬಾ ಥ್ಯಾಂಕ್ಸ್. ಈಗ ತಲೆಗೆ ಹೋಯಿತು. ಆದರೆ ಹೊಸ ಡೌಟ್ ಬಂತು. 12 ವೋಲ್ಟ್ 1 ಆಂಪ್ ಟ್ರಾನ್ಸ್‌ಫಾರ್ಮರ್ ಈಗ 18 ವೋಲ್ಟ್ ಡಿಸಿ ಕೊಡುತ್ತಿದೆ ಅಂದರೆ, 18 ವೋಲ್ಟ್ 1 ಆಂಪ್ ತೆಗೆಯಬಹುದಾ? ಹಾಗಾದರೆ ಪವರ್ ಜಾಸ್ತಿ ಆದಂತಾಯಿತಲ್ಲ?

ರಿಪೇರಿ_ಅಂಗಡಿ_ಜಯನಗರ:

ಇಲ್ಲ ತಮ್ಮ, ಅದು ಪುಕ್ಕಟೆ ಬರುವುದಿಲ್ಲ. ವೋಲ್ಟೇಜ್ ಮೇಲೆ ಹೋದ ಕಡೆ ಕರೆಂಟ್ ಕೆಳಗೆ ಬಂದಿರುತ್ತದೆ. ನಮ್ಮ ಕಡೆ ಕಾವೇರಿ ನೀರು ಸ್ವಲ್ಪ ಹೊತ್ತು ಮಾತ್ರ ಬಿಡುತ್ತಾರೆ, ಆ ಹೊತ್ತಿನಲ್ಲಿ ಎರಡು ದಿನಕ್ಕಾಗುವಷ್ಟು ನೆಲದ ಸಂಪ್ ತೊಟ್ಟಿಗೆ ತುಂಬಿಸಿಕೊಳ್ಳಬೇಕು, ಆಗ ಪೈಪಿನಲ್ಲಿ ನೀರು ಎಷ್ಟು ಜೋರಾಗಿ ಬರಬೇಕು ನೋಡಿ. ಕೆಪಾಸಿಟರ್ ಕಥೆಯೂ ಅದೇ. ಅಲೆಯ ತುದಿ ಕೆಪಾಸಿಟರಿಗಿಂತ ಮೇಲಿರುವ ಸ್ವಲ್ಪ ಹೊತ್ತಿನಲ್ಲೇ ಪೂರ್ತಿ ಚಾರ್ಜ್ ಒಳಗೆ ಹೋಗಬೇಕು. ನೀವು ಹೊರಗೆ ಅರ್ಧ ಆಂಪ್ ನಿಧಾನಕ್ಕೆ ಎಳೆಯುತ್ತಿದ್ದರೂ, ಒಳಗೆ ಡಯೋಡ್ ಮೂಲಕ ಎರಡು ಮೂರು ಆಂಪಿನ ಗುದ್ದು ಹೋಗುತ್ತಿರುತ್ತದೆ. ಟ್ರಾನ್ಸ್‌ಫಾರ್ಮರ್ ತಂತಿ ಬಿಸಿಯಾಗುವುದು ಆ ಗುದ್ದಿನಿಂದ, ಸರಾಸರಿಯಿಂದಲ್ಲ.

ಕೆಲಸದ ಲೆಕ್ಕ ಇಷ್ಟು: ಬ್ರಿಡ್ಜ್, ಅದರ ಮೇಲೆ ಕೆಪಾಸಿಟರ್ ಹಾಕಿದರೆ, ಬರೆದಿರುವ ಎಸಿ ಆಂಪಿನ ಸುಮಾರು 0.6 ಭಾಗ ಮಾತ್ರ ಡಿಸಿಯಾಗಿ ತೆಗೆಯಿರಿ. ನಿಮ್ಮದು 1 ಆಂಪ್, ಅಂದರೆ 0.6 ಆಂಪ್. ಒಂದು ಮೀಟರ್ ಸ್ಟ್ರಿಪ್ 0.4 ಆಂಪ್, ತೊಂದರೆ ಇಲ್ಲ. ಎರಡು ಮೀಟರ್ ಹಾಕೋಣ ಅಂತ ಆಮೇಲೆ ಆಸೆಪಟ್ಟರೆ ಟ್ರಾನ್ಸ್‌ಫಾರ್ಮರ್ ಕೈಯಿಡಲಾಗದಷ್ಟು ಬಿಸಿಯಾಗುತ್ತದೆ. ಅಂಗಡಿಗೆ ಬರುವ ಸುಟ್ಟ ಟ್ರಾನ್ಸ್‌ಫಾರ್ಮರುಗಳಲ್ಲಿ ಸುಮಾರು ಈ ತರದವೇ. 1 ಆಂಪ್ ಅಂತ ಬರೆದಿದೆ, 1 ಆಂಪ್ ಎಳೆದೆ ಅಂತ ಗಿರಾಕಿ ವಾದ ಮಾಡುತ್ತಾರೆ.

ಗುಂಡಿ_ಒತ್ತು:

ಇಷ್ಟೆಲ್ಲಾ ಏಕೆ? ಕೆಪಾಸಿಟರ್ ತೆಗೆದು ಬಿಸಾಕಿ. ಬರೀ ಬ್ರಿಡ್ಜ್ ಇದ್ದಾಗ 11.3 ವೋಲ್ಟ್ ಬರುತ್ತಿತ್ತಲ್ಲ, ಸ್ಟ್ರಿಪ್ 12 ವೋಲ್ಟಿನದು, ಹೊಂದುತ್ತದೆ. ನಾನು ಮನೆ ದೇವರ ಮಂಟಪಕ್ಕೆ ಹಾಗೇ ಹಾಕಿದ್ದೇನೆ, ಚೆನ್ನಾಗಿ ಉರಿಯುತ್ತಿದೆ.

ವೋಲ್ಟ್_ವನಜ:

ಗುಂಡಿ ಅವರ ಮಾತನ್ನು ತಳ್ಳಿಹಾಕುವ ಮೊದಲು ಪೇಪರ್ ಪೆನ್ನು ಹಿಡಿದು ಲೆಕ್ಕ ಹಾಕಿದೆ. ಅರ್ಧ ಸರಿ, ಅರ್ಧ ತಪ್ಪು. ಸ್ವಲ್ಪ ಉದ್ದವಾಗುತ್ತದೆ, ಓದಿ.

12 ವೋಲ್ಟ್ ಸ್ಟ್ರಿಪ್ಪಿನಲ್ಲಿ ಮೂರು ಮೂರು ಎಲ್‌ಇಡಿ ಒಂದು ಗುಂಪು, ಅದರ ಜೊತೆ ಒಂದು ರೆಸಿಸ್ಟರ್ ಸಾಲಾಗಿ ಇರುತ್ತದೆ. ಕತ್ತರಿ ಗುರುತು ಪ್ರತಿ ಮೂರು ಎಲ್‌ಇಡಿಗೆ ಒಂದು ಇರುವುದು ಅದಕ್ಕೇ. ಬಿಳಿ ಎಲ್‌ಇಡಿಗೆ ಒಂದಕ್ಕೆ 3.1 ವೋಲ್ಟ್ ಅಂತ ಹಿಡಿಯಿರಿ, ಮೂರಕ್ಕೆ 9.3. ಉಳಿದ 2.7 ವೋಲ್ಟ್ ರೆಸಿಸ್ಟರ್ ಮೇಲೆ. ಅದು 150 ಓಮ್ ಅಂದುಕೊಂಡರೆ 18 ಮಿಲಿಆಂಪ್ ಹರಿಯುತ್ತದೆ. ನಿಮ್ಮ ಸ್ಟ್ರಿಪ್ಪಿನ ರೆಸಿಸ್ಟರ್ ಬೆಲೆ ಬೇರೆ ಇರಬಹುದು, ಮೇಲೆ ಬರೆದಿರುತ್ತದೆ, ನೋಡಿಕೊಳ್ಳಿ. ಅನುಪಾತ ಮಾತ್ರ ಹೀಗೇ ಇರುತ್ತದೆ.

ಈಗ ಕೆಪಾಸಿಟರ್ ಇರುವ ಸಪ್ಲೈಯನ್ನು ನೇರ ಕೊಟ್ಟರೆ? ಲೋಡ್ ಹಾಕಿದಾಗ 18 ಇಳಿದು 16 ಆಗುತ್ತದೆ ಅಂತಲೇ ಇಟ್ಟುಕೊಳ್ಳಿ. ಎಲ್‌ಇಡಿ ಹೆಚ್ಚು ಕಡಿಮೆ 9.3ರಲ್ಲೇ ನಿಲ್ಲುತ್ತದೆ, ರೆಸಿಸ್ಟರ್ ಮೇಲೆ 6.7 ಬೀಳುತ್ತದೆ, ಕರೆಂಟ್ 45 ಮಿಲಿಆಂಪ್. ವೋಲ್ಟೇಜ್ ಏರಿದ್ದು ಮೂರನೇ ಒಂದು ಭಾಗ, ಕರೆಂಟ್ ಏರಿದ್ದು ಎರಡೂವರೆ ಪಟ್ಟು, ರೆಸಿಸ್ಟರಿನ ಬಿಸಿ ಏರಿದ್ದು ಆರು ಪಟ್ಟು. ಸ್ಟ್ರಿಪ್ ಮೊದಲ ದಿನ ಫಳಫಳ ಹೊಳೆಯುತ್ತದೆ, ಆಮೇಲೆ ನೀಲಿ ತಿರುಗಿ ಸಾಯುತ್ತದೆ. ಹಿಂದಿನ ಅಂಟು ಕರಗಿ ಗೊಂಬೆ ಮೇಲೆ ಬಿದ್ದರೆ ಅಮ್ಮನ ಹತ್ತಿರ ಬೈಗುಳ ಬೇರೆ.

ಗುಂಡಿ ಅವರ ದಾರಿ ನೋಡೋಣ, ಕೆಪಾಸಿಟರ್ ಇಲ್ಲದ್ದು. ಲೋಡಿನಲ್ಲಿ ಗುಡ್ಡದ ತುದಿ 16.5 ಅಂತ ಹಿಡಿದೆ. ವೋಲ್ಟೇಜ್ 9.3 ದಾಟುವ ತನಕ ಎಲ್‌ಇಡಿ ಉರಿಯುವುದೇ ಇಲ್ಲ. ಲೆಕ್ಕ ಹಾಕಿದರೆ ಶೇಕಡಾ 62ರಷ್ಟು ಹೊತ್ತು ಮಾತ್ರ ಉರಿಯುತ್ತದೆ. ತುದಿಯಲ್ಲಿ ಕರೆಂಟ್ 48 ಮಿಲಿಆಂಪ್. ಆದರೆ ಪೂರ್ತಿ ಹೊತ್ತಿನ ಸರಾಸರಿ ತೆಗೆದರೆ ಸುಮಾರು 19.5 ಮಿಲಿಆಂಪ್! ಅಂದರೆ ಸರಿಯಾದ 12 ವೋಲ್ಟ್ ಡಿಸಿಗೆ ಬಹಳ ಹತ್ತಿರ. ಅದಕ್ಕೇ ಅವರ ಮಂಟಪ ಇನ್ನೂ ಉರಿಯುತ್ತಿದೆ. ಇದನ್ನು ನಾನೂ ನಿರೀಕ್ಷಿಸಿರಲಿಲ್ಲ.

ಆದರೆ ಬಿಸಿ ಸರಾಸರಿಯನ್ನು ಕೇಳುವುದಿಲ್ಲ, ಆರ್‌ಎಂಎಸ್ ಕೇಳುತ್ತದೆ. ಅದೇ ಲೆಕ್ಕದಲ್ಲಿ ರೆಸಿಸ್ಟರ್ 0.11 ವಾಟ್ ತಿನ್ನುತ್ತದೆ, ನಿಜವಾದ 12 ವೋಲ್ಟ್ ಡಿಸಿಯಲ್ಲಿ 0.05 ಕೂಡ ಇಲ್ಲ. ಎರಡು ಪಟ್ಟಿಗಿಂತ ಜಾಸ್ತಿ. ಜೊತೆಗೆ ಬೆಳಕು ಸೆಕೆಂಡಿಗೆ 100 ಸಲ ಪೂರ್ತಿ ಆರಿ ಹತ್ತುತ್ತಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಮೊಬೈಲಿನಲ್ಲಿ ವಿಡಿಯೋ ತೆಗೆಯಿರಿ, ಪಟ್ಟೆ ಪಟ್ಟೆ ಓಡುತ್ತದೆ. ಗೊಂಬೆ ನೋಡಲು ಬಂದವರೆಲ್ಲ ಫೋನ್ ಹಿಡಿದೇ ಬರುತ್ತಾರೆ, ಅಲ್ವಾ?

ಗುಂಡಿ_ಒತ್ತು:

ಪಟ್ಟೆ ಬರುತ್ತದೆ, ಹೌದು. ಅದು ಫೋನಿನ ತೊಂದರೆ ಅಂದುಕೊಂಡಿದ್ದೆವು. ಇರಲಿ, ಉರಿಯುವ ತನಕ ಉರಿಯಲಿ.

ರಿಪೇರಿ_ಅಂಗಡಿ_ಜಯನಗರ:

ವನಜ ಮೇಡಂ ಹೇಳಿದ ಸರಾಸರಿ, ಬಿಸಿ ಬೇರೆ ಬೇರೆ ಅನ್ನುವುದಕ್ಕೆ ನಮ್ಮ ಬೆಂಚಿನ ಮೇಲೆಯೇ ಉದಾಹರಣೆ ಇದೆ. ಸೋಲ್ಡರಿಂಗ್ ಐರನ್ ಸುಮ್ನೆ ಇಟ್ಟಿರುವಾಗ ತುದಿ ಕರಕಲಾಗಬಾರದು ಅಂತ ಸಾಲಾಗಿ ಒಂದು 1ಎನ್4007 ಹಾಕಿ, ಡಯೋಡಿಗೆ ಅಡ್ಡಲಾಗಿ ಒಂದು ಸ್ವಿಚ್ ಇಡುತ್ತೇವೆ. ಸ್ವಿಚ್ ಆಫ್ ಮಾಡಿದರೆ ಅಲೆಯ ಒಂದು ಅರ್ಧ ಮಾತ್ರ ಹೋಗುತ್ತದೆ. ಈಗ ಡಿಸಿ ಮೀಟರ್ ಇಟ್ಟರೆ ಸುಮಾರು 103 ವೋಲ್ಟ್ ತೋರಿಸುತ್ತದೆ. 103 ಅಂದರೆ 230ರ ಅರ್ಧಕ್ಕಿಂತ ಕಮ್ಮಿ, ಹಾಗಾದರೆ ಪವರ್ ಐದನೇ ಒಂದು ಭಾಗ ಅಂತ ಲೆಕ್ಕ ಹಾಕಿದರೆ ತಪ್ಪು. ಅರ್ಧ ಹೊತ್ತು ಪೂರ್ತಿ ಅಲೆ ಹೋಗುತ್ತದೆ, ಉಳಿದ ಅರ್ಧ ಹೊತ್ತು ಏನೂ ಇಲ್ಲ, ಆದ್ದರಿಂದ ಪವರ್ ಸರಿಯಾಗಿ ಅರ್ಧ. 25 ವಾಟ್ ಐರನ್ ಹನ್ನೆರಡೂವರೆ ವಾಟ್ ಆಗುತ್ತದೆ. ಆರ್‌ಎಂಎಸ್ 163 ವೋಲ್ಟ್. ಮೂರು ಅಂಕಿ, ಮೂರೂ ನಿಜ. ಯಾವುದಕ್ಕೆ ಯಾವುದು ಅಂತ ತಿಳಿದಿರಬೇಕು. ಇದು ಮೇನ್ಸ್ ಕೆಲಸ, ತಮ್ಮ, ಡಬ್ಬಿ ಮುಚ್ಚಳ ಇಲ್ಲದೆ ಮಾಡಬೇಡಿ.

ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಗೆ ಒಂದೇ ಡಯೋಡ್ ಹಾಕುವ ಚಪಲವೂ ಬೇಡ. ಕೆಪಾಸಿಟರ್ ತುದಿಯ ವೋಲ್ಟೇಜ್ ಅಲ್ಲೂ ಸುಮಾರು ಅಷ್ಟೇ ಸಿಗುತ್ತದೆ, ಆದರೆ ಮುಂದಿನ ಗುಡ್ಡಕ್ಕೆ 10 ಮಿಲಿಸೆಕೆಂಡ್ ಬದಲು 20 ಕಾಯಬೇಕು, ಕೆಳಗೆ ಇಳಿಯುವುದು ಎರಡರಷ್ಟು. ಕಬ್ಬಿಣದ ಕೋರ್ ಮೇಲೂ ಒಂದೇ ಕಡೆ ಎಳೆತ.

ಮಲ್ಲೇಶ್ವರಂ_ಹುಡುಗ:

ವನಜ ಮೇಡಂ, ಸೂಪರ್. ಹಾಗಾದರೆ ಮಧ್ಯದಲ್ಲಿ 7812 ರೆಗ್ಯುಲೇಟರ್ (ಔಟ್‌ಪುಟ್ಟನ್ನು 12 ವೋಲ್ಟಿಗೇ ಹಿಡಿದಿಡುವ ಐಸಿ) ಹಾಕಿಬಿಡುತ್ತೇನೆ. ಈ 1000 ಮೈಕ್ರೋಫ್ಯಾರಡ್ ಸಾಕಾ?

ಓಮ್_ನಮಃ:

ಸಾಲದು. ಸೂತ್ರ ಸುಲಭ: ಕೆಪಾಸಿಟರ್ ಎಷ್ಟು ವೋಲ್ಟ್ ಇಳಿಯುತ್ತದೆ ಅಂದರೆ, ಲೋಡ್ ಕರೆಂಟನ್ನು 100ರಿಂದಲೂ ಕೆಪಾಸಿಟನ್ಸಿನಿಂದಲೂ ಭಾಗಿಸಿ. 0.4 ಆಂಪ್, 1000 ಮೈಕ್ರೋಫ್ಯಾರಡ್ ಅಂದರೆ 4 ವೋಲ್ಟ್. ನಿಜದಲ್ಲಿ ಸ್ವಲ್ಪ ಕಮ್ಮಿ ಇರುತ್ತದೆ, ಏಕೆಂದರೆ ಸೂತ್ರ ಪೂರ್ತಿ 10 ಮಿಲಿಸೆಕೆಂಡ್ ಖಾಲಿಯಾಗುತ್ತದೆ ಅಂತ ಹಿಡಿಯುತ್ತದೆ. ಆದರೂ 16.5ರಿಂದ 13ರ ಆಸುಪಾಸಿಗೆ ಬಂದು ಹೋಗುತ್ತಿರುತ್ತದೆ. 7812ಗೆ ಒಳಗೆ ಕನಿಷ್ಠ 14ರಿಂದ 14.5 ಬೇಕು, ಅದಕ್ಕಿಂತ ಕೆಳಗೆ ಹೋದಾಗಲೆಲ್ಲ ಅದು ಕೈ ಬಿಡುತ್ತದೆ. ಮೀಟರ್ ಇಟ್ಟರೆ ಒಳಗೆ 15 ಅಂತ ತೋರಿಸುತ್ತದೆ, ನೀವು ಎಲ್ಲ ಸರಿ ಅಂದುಕೊಳ್ಳುತ್ತೀರಿ. ಮತ್ತೆ ಅದೇ ಸರಾಸರಿಯ ಮೋಸ.

3300 ಮೈಕ್ರೋಫ್ಯಾರಡ್ ಹಾಕಿ, ಇಳಿತ 1.2 ವೋಲ್ಟ್ ಆಗುತ್ತದೆ. 10,000 ಹಾಕಿಬಿಡೋಣ ಅಂತ ಹೋಗಬೇಡಿ, ಕೆಪಾಸಿಟರ್ ದೊಡ್ಡದಾದಷ್ಟೂ ಜಯನಗರದವರು ಹೇಳಿದ ಗುದ್ದು ಇನ್ನೂ ಚೂಪಾಗುತ್ತದೆ, ಟ್ರಾನ್ಸ್‌ಫಾರ್ಮರ್ ಜಾಸ್ತಿ ಬಿಸಿಯಾಗುತ್ತದೆ, ಲಾಭ ಮಾತ್ರ ಅಷ್ಟಕ್ಕಷ್ಟೇ.

ವೋಲ್ಟೇಜ್ ರೇಟಿಂಗ್ 25 ನಡೆಯುತ್ತದೆ. ಮೇನ್ಸ್ ವೋಲ್ಟೇಜ್ ಶೇಕಡಾ 10 ಮೇಲೆ ಹೋಗಿ 253 ಆದರೂ, ಲೋಡ್ ಇಲ್ಲದಾಗ 20.3 ವೋಲ್ಟ್ ಬರುತ್ತದೆ. 35 ವೋಲ್ಟಿನದು ಸಿಕ್ಕರೆ ಅದನ್ನೇ ತನ್ನಿ, ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಟ್ರಾನ್ಸ್‌ಫಾರ್ಮರ್ 12 ತಾನೇ ಅಂತ 16 ವೋಲ್ಟ್ ಕೆಪಾಸಿಟರ್ ಹಾಕುವವರು ಇದ್ದಾರೆ, ಅದು ಉಬ್ಬಿ ತಲೆ ಬಿಚ್ಚಿಕೊಳ್ಳುತ್ತದೆ. ಪ್ಲಸ್ ಮೈನಸ್ ಅದಲು ಬದಲಾದರೂ ಅದೇ ಗತಿ.

7812 ಬಿಸಿ: ಒಳಗೆ ಸರಾಸರಿ 15.5, ಹೊರಗೆ 12, ಮಧ್ಯೆ 3.5 ವೋಲ್ಟ್, 0.4 ಆಂಪ್, 1.4 ವಾಟ್. ಹೀಟ್ ಸಿಂಕ್ ಇಲ್ಲದೆ ಆ ಪುಟ್ಟ ಮೈಗೆ ವಾಟಿಗೆ ಸುಮಾರು 65 ಡಿಗ್ರಿ ಏರುತ್ತದೆ, ಅಂದರೆ ಕೋಣೆಯ ಬಿಸಿಯ ಮೇಲೆ ಇನ್ನೂ 90 ಡಿಗ್ರಿ. ಒಂದು ಅಲ್ಯೂಮಿನಿಯಂ ಹೀಟ್ ಸಿಂಕ್ ಕಡ್ಡಾಯ.

ಸುಮ್ನೆ_ಓದುವವ:

ಎಲ್‌ಎಂ2596 ಮಾಡ್ಯೂಲ್ (ವೋಲ್ಟೇಜ್ ಇಳಿಸುವ ರೆಡಿ ಬೋರ್ಡ್) ಏಕೆ ಯಾರೂ ಹೇಳುತ್ತಿಲ್ಲ? ಎಸ್.ಪಿ. ರೋಡಿನಲ್ಲಿ ಎಲ್ಲ ಅಂಗಡಿಯಲ್ಲೂ ನೇತಾಡುತ್ತಿರುತ್ತದೆ. ಒಳಗೆ 40 ವೋಲ್ಟ್ ತನಕ ತಡೆಯುತ್ತದೆ, ಬಿಸಿ ಇಲ್ಲ, ಸ್ಕ್ರೂ ತಿರುಗಿಸಿ 12ಕ್ಕೆ ಇಟ್ಟರೆ ಮುಗಿಯಿತು.

ಓಮ್_ನಮಃ:

ಹಾಕಬಹುದು, ಒಳ್ಳೆಯ ಐಡಿಯಾ. ಆದರೆ ಅದಕ್ಕೂ ಹೊರಗಿಗಿಂತ ಒಳಗೆ ಒಂದೂವರೆ ಎರಡು ವೋಲ್ಟ್ ಜಾಸ್ತಿ ಬೇಕು, ಹಾಗಾಗಿ ಕೆಪಾಸಿಟರಿನ ಲೆಕ್ಕ ಅಲ್ಲೂ ಮಾಡಲೇಬೇಕು. ಸ್ಟ್ರಿಪ್ ಜೋಡಿಸುವ ಮೊದಲೇ 12ಕ್ಕೆ ತಿರುಗಿಸಿಕೊಳ್ಳಬೇಕು, ಹೊಸ ಮಾಡ್ಯೂಲ್ ಎಷ್ಟಕ್ಕೆ ಇರುತ್ತದೆ ಅಂತ ಹೇಳಲಾಗದು. ಕಲಿಯುವವನಿಗೆ 7812 ಚೆಂದ, ಯಾವ ಭಾಗ ಏನು ಮಾಡುತ್ತದೆ ಅಂತ ಒಂದೊಂದಾಗಿ ಅಳೆಯಬಹುದು.

ಸುಮ್ನೆ_ಓದುವವ:

ಸರಿ. ಇನ್ನೊಂದು ಕೇಳುತ್ತೇನೆ. ನನ್ನ ಹತ್ತಿರ 12-0-12 ಟ್ರಾನ್ಸ್‌ಫಾರ್ಮರ್ ಇದೆ. ಅದರ ಎರಡು ತುದಿಯನ್ನು ಬ್ರಿಡ್ಜಿಗೆ ಕೊಟ್ಟರೆ 12 ಬರುತ್ತದಾ?

ಬೆಸುಗೆ_ಭಟ್ಟ:

ಎರಡು ತುದಿಯ ನಡುವೆ 24 ಇದೆ. ಬ್ರಿಡ್ಜ್, ಕೆಪಾಸಿಟರ್ ಹಾಕಿದರೆ 32 ದಾಟುತ್ತದೆ, ಖಾಲಿ ಇದ್ದಾಗ ಇನ್ನೂ ಮೇಲೆ. ನಡುವಿನ ಸೊನ್ನೆಯನ್ನು ಮೈನಸ್ ಮಾಡಿ, ಎರಡು ತುದಿಗೂ ಒಂದೊಂದು ಡಯೋಡ್ ಹಾಕಿ, ಎರಡೂ ಡಯೋಡಿನ ಗೆರೆ ಇರುವ ತುದಿ ಸೇರಿಸಿ ಪ್ಲಸ್ ಮಾಡಿ. ಆಗ ಒಂದೇ ಡಯೋಡಿನ ಡ್ರಾಪ್, ಬ್ರಿಡ್ಜಿಗಿಂತ ಅರ್ಧ ಮುಕ್ಕಾಲು ವೋಲ್ಟ್ ಉಳಿತಾಯ. ಒಂದು ಎಚ್ಚರ, ಈ ಜೋಡಣೆಯಲ್ಲಿ ಆ ಹೊತ್ತಿಗೆ ಕರೆಂಟ್ ಬಿಡದ ಡಯೋಡಿನ ಮೇಲೆ ಪೀಕಿನ ಎರಡರಷ್ಟು ಉಲ್ಟಾ ವೋಲ್ಟೇಜ್ ಬೀಳುತ್ತದೆ, 34ರಿಂದ 40. 1ಎನ್4007 ಸಾವಿರ ವೋಲ್ಟ್ ತಡೆಯುತ್ತದೆ, ಚಿಂತೆ ಇಲ್ಲ. ಡ್ರಾಪ್ ಕಮ್ಮಿ ಅಂತ 1ಎನ್5819 ಶಾಟ್ಕಿ ಹಾಕಿದರೆ ಅದರ ಮಿತಿ 40, ಅಂಚಿನಲ್ಲಿ ನಿಂತಂತೆ.

ಹಳೇ_ಲೈನ್‌ಮ್ಯಾನ್:

ಮಾತು 100 ಗುಡ್ಡಕ್ಕೆ ಬಂದದ್ದರಿಂದ ಒಂದು ಹಳೇ ವಿಷಯ. 1902ರಲ್ಲಿ ಶಿವನಸಮುದ್ರದಿಂದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹೋಯಿತು, 1905ರಲ್ಲಿ ಬೆಂಗಳೂರಿಗೆ ಬಂತು. ಗಣಿಗೆ ಹೋದ ಆ ವಿದ್ಯುತ್ 25 ಹರ್ಟ್ಜ್. ಅಂಥ ಕಡೆ ನೀವು ಈ ಸಪ್ಲೈ ಮಾಡಿದ್ದರೆ ಸೆಕೆಂಡಿಗೆ 50 ಗುಡ್ಡ ಮಾತ್ರ, ಅದೇ ಇಳಿತಕ್ಕೆ 3300 ಬದಲು 6600 ಮೈಕ್ರೋಫ್ಯಾರಡ್ ಬೇಕಾಗುತ್ತಿತ್ತು. ಟ್ರಾನ್ಸ್‌ಫಾರ್ಮರಿನ ಕಬ್ಬಿಣವೂ ಸುಮಾರು ಎರಡರಷ್ಟು.

ಉಲ್ಟಾ ಕಡೆ ನೋಡಬೇಕಾದರೆ ನಮ್ಮ ಮೆಟ್ರೋ ನೋಡಿ. ಹಳಿ ಪಕ್ಕದ ಮೂರನೇ ಹಳಿಯಲ್ಲಿ 750 ವೋಲ್ಟ್ ಡಿಸಿ. ಅದೂ ಎಸಿಯನ್ನು ರೆಕ್ಟಿಫೈ ಮಾಡಿಯೇ ಬರುವುದು. ಮೂರು ಫೇಸ್ ಇರುವ ಕಡೆ ಆರು ಡಯೋಡ್ ಸಾಕು, ಒಂದು ಫೇಸ್ ಇಳಿಯುವ ಮೊದಲೇ ಇನ್ನೊಂದು ಏರಿರುತ್ತದೆ, ಸೆಕೆಂಡಿಗೆ 300 ಗುಡ್ಡ, ಅತಿ ಕೆಳಗೆ ಇಳಿದಾಗಲೂ ಪೀಕಿನ ಶೇಕಡಾ 86.6 ಇರುತ್ತದೆ. ಒಂದು ಫೇಸಿನಲ್ಲಿ ಸೊನ್ನೆಗೇ ಹೋಗುತ್ತಿತ್ತಲ್ಲ. ಕೆಪಾಸಿಟರ್ ಇಲ್ಲದೆಯೇ ಸರಾಸರಿ ಲೈನ್ ವೋಲ್ಟೇಜಿನ 1.35 ಪಟ್ಟು. ಅಂದರೆ 750 ಬೇಕು ಅಂದರೆ ಲೆಕ್ಕಕ್ಕೆ ಸುಮಾರು 555 ವೋಲ್ಟ್ ಎಸಿ. ಒಂದು ಫೇಸಿನಲ್ಲಿ 0.9, ಮೂರರಲ್ಲಿ 1.35, ಡಯೋಡ್ ಅದೇ ಡಯೋಡ್.

ಮಲ್ಲೇಶ್ವರಂ_ಹುಡುಗ:

ಮೆಟ್ರೋ ವಿಷಯ ಗೊತ್ತೇ ಇರಲಿಲ್ಲ ಸರ್, ದಿನಾ ಅದರಲ್ಲೇ ಕಾಲೇಜಿಗೆ ಹೋಗುತ್ತೇನೆ.

3300 ಮೈಕ್ರೋಫ್ಯಾರಡ್ 35 ವೋಲ್ಟ್, ಹೀಟ್ ಸಿಂಕ್ ಸಮೇತ 7812, ಎಲ್ಲಾ ಹಾಕಿದೆ. ಸ್ಟ್ರಿಪ್ ಉರಿಯುವಾಗ ಕೆಪಾಸಿಟರ್ ಮೇಲೆ 15.3, ಔಟ್‌ಪುಟ್ 12.0. ಮೀಟರನ್ನು ಕೆಪಾಸಿಟರ್ ಮೇಲೆ ಇಟ್ಟು ಸ್ಟ್ರಿಪ್ ತೆಗೆದರೆ ಮತ್ತೆ 18ಕ್ಕೆ ಹಾರುತ್ತದೆ, ಈಗ ಹೆದರಿಕೆ ಆಗುವುದಿಲ್ಲ. ವಿಡಿಯೋದಲ್ಲಿ ಪಟ್ಟೆ ಇಲ್ಲ. ಸಾಯಂಕಾಲ ಕರೆಂಟು ಡಿಮ್ ಆದಾಗ ಏನಾಗುತ್ತದೆ? ಫ್ಯೂಸ್ ಎಷ್ಟರದು ಹಾಕಲಿ?

ವೋಲ್ಟ್_ವನಜ:

15.3 ಸರಾಸರಿ, ತಳ ಸುಮಾರು 14.8. ಮೇನ್ಸ್ ಶೇಕಡಾ 10 ಇಳಿದು 207 ಆದರೆ ತಳ 13ರ ಹತ್ತಿರ ಬರುತ್ತದೆ, 7812 ಗುಡ್ಡದ ನಡುವೆ ಸ್ವಲ್ಪ ಸ್ವಲ್ಪ ಜಾರುತ್ತದೆ. ಆಂಪ್ಲಿಫೈಯರ್ ಆಗಿದ್ದರೆ ಗುಂಯ್ ಅಂತ ಕೇಳಿಸುತ್ತಿತ್ತು, ದೀಪಕ್ಕೆ ಒಂದು ಚೂರು ಬೆಳಕು ಕಮ್ಮಿ, ಅಷ್ಟೆ. ಅದಕ್ಕಾಗಿ 15 ವೋಲ್ಟ್ ಟ್ರಾನ್ಸ್‌ಫಾರ್ಮರ್ ತರಬೇಡಿ, ಉಳಿದ ಎಲ್ಲಾ ಹೊತ್ತು ರೆಗ್ಯುಲೇಟರ್ ಸುಮ್ನೆ ಬೇಯುತ್ತದೆ.

ರಿಪೇರಿ_ಅಂಗಡಿ_ಜಯನಗರ:

ಫ್ಯೂಸ್ ಪ್ರೈಮರಿ ಕಡೆ (ಮೇನ್ಸ್ ಬರುವ ಕಡೆ), ಸ್ವಿಚ್ಚಿಗಿಂತ ಮೊದಲು, ಫೇಸ್ ವೈರಿನಲ್ಲಿ. 12 ವಿಎ (12 ವೋಲ್ಟ್ ಗುಣಿಸು 1 ಆಂಪ್) ಟ್ರಾನ್ಸ್‌ಫಾರ್ಮರ್ 230ರಲ್ಲಿ ಎಳೆಯುವುದು 52 ಮಿಲಿಆಂಪ್. 100 ಮಿಲಿಆಂಪ್ ಸ್ಲೋ ಬ್ಲೋ ಕೇಳಿ ತನ್ನಿ, ಫಾಸ್ಟ್ ಹಾಕಿದರೆ ಸ್ವಿಚ್ ಒತ್ತಿದ ಕ್ಷಣದ ಎಳೆತಕ್ಕೇ ಹಾರುತ್ತದೆ. ಪ್ರೈಮರಿ ಜಾಯಿಂಟಿಗೆಲ್ಲ ಸ್ಲೀವ್ ಹಾಕಿ, ಮುಚ್ಚಳ ಇರುವ ಡಬ್ಬಿಯಲ್ಲಿ ಕೂರಿಸಿ. ಮುಚ್ಚಳಕ್ಕೆ ನಾಲ್ಕು ತೂತು ಹೊಡೆಯಿರಿ, ಗಾಳಿ ಆಡಲಿ. ಮೇಲೆ ರೇಷ್ಮೆ ಬಟ್ಟೆ ಹೊದಿಸಬೇಡಿ ಅಂತ ಮನೆಯಲ್ಲಿ ಮೊದಲೇ ಹೇಳಿಬಿಡಿ.